ತಮ್ಮನ ಕೈಗೊಂದು ಆಟದ ಪೆಟ್ಟಿಗೆ

ಕೋಥರೂಡದ ಪ್ಲೈವುಡ್ ಅಂಗಡಿಯವ ನಾನು ಕೊಟ್ಟ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಕಾ, ದೇವಘರ ಕಾ?" ಎಂದು ಕೇಳಿದ. ದೇವರ ಮಂಟಪವೇ ಎಂದು. ಅವನ ತಪ್ಪೇನೂ ಇಲ್ಲ. ಮೇಜಿನ ಮೇಲೆ ಕೂರುವ ಪೆಟ್ಟಿಗೆ, ಎರಡು ಪಕ್ಕದ ಹಲಗೆ, ಮೇಲೊಂದು ಚಾವಣಿ, ಮುಂದೆ ಚಿಕ್ಕ ಇಳಿಜಾರು. ಪುಣೆಯಲ್ಲಿ ನಲವತ್ತು ದಾಟಿದ ಗಂಡಸು ಇಂಥದ್ದನ್ನು ಮಾಡಿಸಿದರೆ ಅದು ದೇವರಿಗೇ ಇರಬೇಕು. ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಎಂದಿದ್ದರೆ ಯಾರಿಗೆ ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಅಂಗಡಿಯ ಕಟ್ಟೆಯ ಮುಂದೆ ನಿಂತು ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ. "ಹೋ, ದೇವಘರ" ಎಂದು ಹಲಗೆ ಕತ್ತರಿಸಿಕೊಂಡು ಬಂದೆ.

ಪೆಟ್ಟಿಗೆ ನನ್ನ ತಮ್ಮನಿಗೆ. ಅವನಿಗೆ ಬಂದ ರೋಗದಲ್ಲಿ ಕೈಕಾಲಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಒಣಗುತ್ತವೆ. ಬುದ್ಧಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಅದೊಂದು ದೊಡ್ಡ ಉಪಕಾರವೆಂಬಂತೆ ಹೇಳಿದರು. ಉಪಕಾರ! ತನ್ನ ಮೈ ತನ್ನ ಕಣ್ಣೆದುರೇ ಹೋಗುವುದನ್ನು ಪೂರ್ತಿ ಎಚ್ಚರದಲ್ಲಿ ನೋಡುವ ಭಾಗ್ಯ. ಕಾಲು ಆಗಲೇ ಹೋಗಿದ್ದವು. ಬೆರಳುಗಳು ಚಮಚ ಹಿಡಿಯುತ್ತಿರಲಿಲ್ಲ, ಮೊಬೈಲಿನ ಗಾಜಿನ ಮೇಲೆ ಜಾರುತ್ತಿದ್ದವು. ಆದರೆ ತೋಳಿನಲ್ಲಿ ಇನ್ನೂ ಸ್ವಲ್ಪ ಕಸುವಿತ್ತು. ಎಷ್ಟು ದಿನ ಇರುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು ಮೇಜಿನ ಮೇಲಿನ ಪೆನ್ನನ್ನು ಸರಿಯಾಗಿಟ್ಟರು, ಅಷ್ಟೇ.

ತಮ್ಮ ಮದುವೆಯಾಗಿರಲಿಲ್ಲ. ಸದಾಶಿವ ಪೇಠದಲ್ಲಿ ಅಪ್ಪ ಹಾಕಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಿದ್ದ. ಕಾಲು ಹೋದ ಮೇಲೆ ಅಂಗಡಿ ಮುಚ್ಚಿ ಅವ್ವನೂ ಅವನೂ ನಮ್ಮ ಫ್ಲ್ಯಾಟಿಗೆ ಬಂದರು. ಒಂದು ಸಂಜೆ ಟಿವಿಯ ರಿಮೋಟು ಅವನ ಕೈಯಿಂದ ಜಾರಿ ಬಿತ್ತು. ಎತ್ತಿಕೊಡಲು ಹೋದರೆ ಬೇಡವೆಂದ. "ಆ ಹಳೇ ಮಶೀನು ಇರಬೇಕಾಗಿತ್ತು ನೋಡು. ಅದರ ಗುಂಡಿಗೆ ಬೆರಳೂ ಬ್ಯಾಡ, ಮುಷ್ಟಿ ಸಾಕ."

ಅವನು ಹೇಳಿದ್ದು ನಾವು ಸಣ್ಣವರಿದ್ದಾಗ ಅಂಗಡಿಯ ಹಿಂದಿನ ಬೋಳದಲ್ಲಿದ್ದ ಆಟದ ಮಶೀನುಗಳ ಬಗ್ಗೆ. ಬೋಳ ಎಂದರೆ ಓಣಿ, ಮರಾಠಿಯವರ ಮಾತು. ನಾಣ್ಯ ಹಾಕಿ, ಜಾಯ್‌ಸ್ಟಿಕ್ಕಿನ ದಂಡಿಗೆ ಹಿಡಿದು, ಗುಂಡಿ ಕುಟ್ಟುತ್ತ ವಿಮಾನ ಹಾರಿಸುವ ಆಟ. ನಾನು ಬೇಗ ಸಾಯುತ್ತಿದ್ದೆ. ತಮ್ಮ ಸಾಯುತ್ತಲೇ ಇರಲಿಲ್ಲ. ಅಪ್ಪ ಬಂದು ಇಬ್ಬರ ಕಿವಿಯನ್ನೂ ಹಿಡಿದು ಎಳೆಯುವಾಗಲೂ ಅವನ ಒಂದು ಕೈ ಗುಂಡಿಯ ಮೇಲೇ ಇರುತ್ತಿತ್ತು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಬೆರಳು ಬೇಡ, ಮುಷ್ಟಿ ಸಾಕು. ಮುಷ್ಟಿ ಇರುವಾಗಲೇ ಅವನು ಒಮ್ಮೆ ಆಡಬೇಕು. ಮನೆಯಲ್ಲೇ ಇಂಥ ಪೆಟ್ಟಿಗೆ ಮಾಡುವವರ ವಿಡಿಯೋಗಳನ್ನು ಹುಡುಕಿ ನೋಡಿದೆ. ನಗುನಗುತ್ತ ಮಾಡುತ್ತಾರೆ ಪುಣ್ಯಾತ್ಮರು. ಹಳೆಯ ಮಾನಿಟರು, ಇಸ್ಪೀಟಿನ ಕಟ್ಟಿನಷ್ಟು ಚಿಕ್ಕದೊಂದು ಕಂಪ್ಯೂಟರು, ದಂಡಿಗೆ, ಬಣ್ಣದ ಗುಂಡಿ, ಒಂದಿಷ್ಟು ವಾಯರು. ಯಾರು ಬೇಕಾದರೂ ಮಾಡಬಹುದು ಎಂದು ಪ್ರತಿಯೊಬ್ಬನೂ ಹೇಳುತ್ತಾನೆ. ನಾನು ವಿಮಾ ಕಚೇರಿಯ ಗುಮಾಸ್ತ. ಅಲ್ಲಿಯವರೆಗೆ ಗೋಡೆಗೆ ಮೊಳೆ ಹೊಡೆಯಲೂ ಆಳು ಕರೆಸಿದವನು.

ಅಳತೆಯಿಂದಲೇ ಎಡವಟ್ಟು ಶುರುವಾಯಿತು. ಆಡುವವ ಕೂತಾಗ ಮೊಣಕೈ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಗುಂಡಿಯ ಹಲಗೆ ಬರಬೇಕು ಎಂದು ವಿಡಿಯೋದವ ಹೇಳಿದ್ದ. ತಮ್ಮನನ್ನು ಗಾಲಿಕುರ್ಚಿಯಲ್ಲಿ ಗೋಡೆಗೆ ಆನಿಸಿ ಕೂರಿಸಿ, ಮುಂದೆ ಮೊಣಕಾಲೂರಿ, ಟೇಪನ್ನು ಅವನ ಪಾದದ ಹತ್ತಿರ ಹಿಡಿದೆ. ಅಡುಗೆಮನೆಯಿಂದ ಬಂದ ಅವ್ವ ಚೀರಿಯೇಬಿಟ್ಟಳು.

"ಏನ್ ಮಾಡಾಕತ್ತಿ ನೀ?"

"ಅಳತೀ ತಗೊಳ್ಳಾಕತ್ತೀನಿ."

"ಕುಂತ ಮನಷ್ಯಾಗ ಅಳತೀ ಯಾವಾಗ ಹಿಡೀತಾರ ಗೊತ್ತದ ಇಲ್ಲೋ ನಿನಗ? ತಗೀ ಅದನ್ನ. ಮೊದಲ ತಗೀ."

ನನಗೆ ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತೇವೆ, ಕೂತ ಹಾಗೆಯೇ ಮಣ್ಣಿಗಿಡುತ್ತೇವೆ. ಕುಣಿಯ ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯುತ್ತಾರೆ. ಅಪ್ಪ ಹೋದಾಗ ಅವರ ಪಾದಕ್ಕೆ ಕಡ್ಡಿ ಹಿಡಿದು ಅದನ್ನು ಅಳತೆಗೆ ಮುರಿದುಕೊಂಡದ್ದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. ಬದುಕಿರುವ ಮಗನ ಪಾದಕ್ಕೆ ನಾನು ಟೇಪು ಹಿಡಿದಿದ್ದೆ. ಟೇಪು ಸುರುಳಿ ಸುತ್ತಿ ಜೇಬಿಗೆ ಹಾಕಿದೆ. ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ.

ಹಾಗಾದರೆ ಅಳತೆಗೇನು ಮಾಡುವುದು? ಸಣ್ಣವರಿದ್ದಾಗಿನಿಂದ ನಾನೂ ಅವನೂ ಒಂದೇ ಅಳತೆಯ ಅಂಗಿ ತೊಟ್ಟವರು. ದೀಪಾವಳಿಗೆ ಅಪ್ಪ ಒಂದೇ ಥಾನಿನಿಂದ ಹೊಲಿಸುತ್ತಿದ್ದರು, ದರ್ಜಿ ನನ್ನೊಬ್ಬನ ಅಳತೆ ತೆಗೆದರೆ ಸಾಕಿತ್ತು. ತಮ್ಮ ಮಲಗಿದ್ದಾಗ ನಾನು ಅವನ ಗಾಲಿಕುರ್ಚಿಯಲ್ಲಿ ಕೂತೆ, ಹೆಂಡತಿ ನನ್ನ ಮೊಣಕೈಯ ಎತ್ತರ ಅಳೆದಳು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಅವ್ವನ ಮಾತೂ ಉಳಿಯಿತು, ಅಳತೆಯೂ ಸಿಕ್ಕಿತು.

ಕೆಲಸ ಬಾಲ್ಕನಿಯಲ್ಲಿ. ಗರಗಸ ಎತ್ತಿದರೆ ಕೆಳಗಿನ ಮನೆಯ ಅಜ್ಜಿ ಮೇಲೆ ಬರುತ್ತಿದ್ದಳು. ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ಕೆಡಿಸುವುದು ಕೊಲೆಗಿಂತ ಸ್ವಲ್ಪ ಕಡಿಮೆ ಅಪರಾಧ, ಸ್ವಲ್ಪವೇ. ಗುಂಡಿಯ ತೂತುಗಳನ್ನು ಕೊರೆದೆ, ಹಲಗೆಯ ಮೇಲ್ಪದರ ಹಪ್ಪಳದ ಹಾಗೆ ಎದ್ದು ಬಂತು. ಬೇರೆ ಹಲಗೆ ತಂದೆ. ವಾಯರುಗಳನ್ನು ಹಲಗೆಯ ಅಡಿಯಿಂದ ನೋಡುತ್ತ ಜೋಡಿಸಿದ್ದರಿಂದ ಎಡ ಬಲ ಅದಲುಬದಲಾದವು. ದಂಡಿಗೆ ಎಡಕ್ಕೆ ತಳ್ಳಿದರೆ ವಿಮಾನ ಬಲಕ್ಕೆ ಹೋಯಿತು. ತಮ್ಮ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತ, "ಗಣಪತೀನ್ನ ಮಾಡಂದ್ರ ಅವರಪ್ಪನ್ನ ಮಾಡಾಕತ್ತಿ" ಎಂದು ಕಾಡುತ್ತಿದ್ದ. ಅವನ ಮಾತು ಆಗಲೇ ಸ್ವಲ್ಪ ತೊದಲುತ್ತಿತ್ತು, ಅಪರಿಚಿತರಿಗೆ ಅರ್ಥವಾಗುತ್ತಿರಲಿಲ್ಲ. ನಮಗೆ ಆಗುತ್ತಿತ್ತು. ಕಾಡುವಾಗಂತೂ ಚೆನ್ನಾಗಿ ಆಗುತ್ತಿತ್ತು.

ನನಗೆ ಸಿಟ್ಟು ಬೇಗ. ಪೆನ್ನು ಬರೆಯದಿದ್ದರೆ ಮುರಿದು ಎಸೆಯುವ ಜಾತಿ. ಆ ದಿನಗಳಲ್ಲಿ ಸಿಟ್ಟು ಹಲಗೆಯ ಮೇಲಿರಲಿಲ್ಲ. ಒಂದೊಂದು ರವಿವಾರ ಹಾಳಾದಾಗಲೂ ಅವನ ತೋಳನ್ನು ನೋಡುತ್ತಿದ್ದೆ. ಚಹಾದ ಕಪ್ಪನ್ನು ಎರಡು ಮುಷ್ಟಿಯ ನಡುವೆ ಹಿಡಿದು ಎತ್ತುತ್ತಿದ್ದವ ಈಗ ಮೇಜಿನ ಮೇಲೆಯೇ ಇಟ್ಟು, ಬಗ್ಗಿ ಬಾಯಿ ಹಚ್ಚುತ್ತಿದ್ದ. ನಾನು ಗಡಿಬಿಡಿ ಮಾಡಿದಷ್ಟೂ ಕೆಲಸ ಕೆಡುತ್ತಿತ್ತು.

ಕೊನೆಗೊಂದು ಸಂಜೆ ಪೆಟ್ಟಿಗೆ ಮುಗಿಯಿತು. ಪರದೆ ಬೆಳಗಿತು, ವಿಮಾನದ ಆಟದ ಸಂಗೀತ ಶುರುವಾಯಿತು. ತಮ್ಮನ ಮುಖ ಅರಳಿತು, ನಾನು ಸುಳ್ಳು ಹೇಳುವುದಿಲ್ಲ. ಅವನನ್ನು ಮೇಜಿನ ಹತ್ತಿರ ತಳ್ಳಿಕೊಂಡು ಬಂದೆ. ಅವನು ಕೈ ಎತ್ತಿದ. ಕೈ ಹಲಗೆಯ ಅಂಚಿಗೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದ. ಮಣಿಕಟ್ಟು ಅಂಚಿಗೆ ತಾಗಿ ಮಡಿಲಿಗೆ ಬಿತ್ತು.

ಅದು ನನ್ನ ಅಳತೆ. ಬೆನ್ನು ನೆಟ್ಟಗೆ ಮಾಡಿ ಕೂರುವವನ ಅಳತೆ. ಅವನ ಹೆಗಲು ಇಳಿದಿತ್ತು, ಬೆನ್ನು ಬಾಗಿತ್ತು, ಮೈ ಒಳಗೊಳಗೇ ಕುಗ್ಗಿತ್ತು. ದಿನಾ ಅವನಿಗೆ ಅಂಗಿ ತೊಡಿಸುವವ ನಾನು. ಹೆಗಲ ಹೊಲಿಗೆ ತೋಳಿನ ಮೇಲೆ ಇಳಿಯುವುದನ್ನು ದಿನಾ ನೋಡಿಯೂ, ಒಂದೇ ಅಳತೆಯವರು ಎಂದೇ ನಂಬಿದ್ದೆ. ನನಗೆ ಅಲ್ಲೇ ಪೆಟ್ಟಿಗೆಯನ್ನು ಬಾಲ್ಕನಿಯಿಂದ ಕೆಳಗೆ ಎಸೆಯಬೇಕೆನಿಸಿತು. ಅವ್ವನ ಮೇಲೂ ಸಿಟ್ಟು ಬಂತು. ಮಗ ಸಾಯುತ್ತಿದ್ದಾನೆ, ಇವಳಿಗೆ ಟೇಪಿನದ್ದೇ ಚಿಂತೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ತಮ್ಮನೇ ಮಾತಾಡಿದ. "ಅವ್ವಾ, ಇವಾ ಅಳತೀ ಹಿಡೀಲಿ ಬಿಡು. ಹಿಡೀದಿದ್ರ ನಾ ಉಳೀತೀನೇನು?"

ಅವ್ವ ಬಾಲ್ಕನಿಗೆ ಹೋಗಿ ಮರದ ಪುಡಿಯ ನಡುವೆ ನಮಗೆ ಬೆನ್ನು ಮಾಡಿ ನಿಂತಳು. ನಾನು ಟೇಪು ತೆಗೆದೆ. ಮಡಿಲಿನ ಅಗಲ, ಮೊಣಕೈಯಿಂದ ಮುಷ್ಟಿ, ಎರಡು ಮುಷ್ಟಿಗಳ ನಡುವಿನ ಅಂತರ. ಎಲ್ಲವೂ ನನಗಿಂತ ಕಡಿಮೆ. ತಮ್ಮ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ಮುಗಿಯಿತೆಂದು ಕರೆದ ಮೇಲೆ ಅವ್ವ ಒಳಗೆ ಬಂದು, ಟೇಪು ತಾಗಿದ ಜಾಗಗಳನ್ನೆಲ್ಲ ಸೆರಗಿನಿಂದ ಒರೆಸಿ, ಉಪ್ಪು ಸಾಸಿವೆ ನೀವಾಳಿಸಿ ಒಲೆಗೆ ಹಾಕಿದಳು. ಗ್ಯಾಸಿನ ಉರಿಯಲ್ಲಿ ಸಾಸಿವೆ ಚಟಪಟ ಸಿಡಿಯಿತು.

ಗುಂಡಿಯ ಹಲಗೆಯನ್ನು ಪೆಟ್ಟಿಗೆಯಿಂದ ಬಿಡಿಸಿದೆ. ಅವನ ಮಡಿಲ ಮೇಲೆ ಕೂರುವ ತಟ್ಟೆಯಂಥದ್ದನ್ನು ಮಾಡಿ, ಉದ್ದನೆಯ ವಾಯರಿನಿಂದ ಪೆಟ್ಟಿಗೆಗೆ ಜೋಡಿಸಿದೆ. ದಂಡಿಗೆಯ ತಲೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ಅಂದವೇನಿಲ್ಲ, ಪೆಟ್ಟಿಗೆಯ ಕರುಳು ಹೊರಗೆ ಬಿದ್ದ ಹಾಗಿತ್ತು. ಆದರೆ ಅವನ ಎಡ ಅಂಗೈ ದಂಡಿಗೆಯ ಮೇಲೆ ಕೂತಿತು, ಬಲ ಮುಷ್ಟಿ ಕೆಂಪು ಗುಂಡಿಯ ಮೇಲೆ ಕೂತಿತು.

ಅವನು ಆಡಿದ. ಮೊದಲ ಸಲ ತಟ್ಟನೆ ಸತ್ತು, ಅವ್ವ ಮನೆಯಲ್ಲಿದ್ದಾಳೆ ಎಂಬುದನ್ನೂ ಮರೆತು ಅಚ್ಚ ಮರಾಠಿಯಲ್ಲಿ ಬೈದ. ಮತ್ತೆ ಆಡಿದ. ಸಂಜೆ ನಾನು ಕಚೇರಿಯಿಂದ ಬರುವುದನ್ನೇ ಕಾಯುತ್ತಿದ್ದ. ನಾನೊಂದು ಸಲ, ಅವನೊಂದು ಸಲ. ನಾನು ಎಂದಿನಂತೆ ಬೇಗ ಸಾಯುತ್ತಿದ್ದೆ. "ನಲವತ್ತು ದಾಟಿದ್ರೂ ಬುದ್ಧಿ ಬರಲಿಲ್ಲ ನಿನಗ" ಎನ್ನುತ್ತಿದ್ದ. ಆ ಕೆಲವು ವಾರ ನಮ್ಮ ಮನೆಯಲ್ಲಿ ಗದ್ದಲವಿತ್ತು. ನಾನು ಖುಷಿಯಾಗಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಿಲ್ಲ.

ಆಮೇಲೆ ಒಂದು ಸಂಜೆ ಆಟದ ನಡುವೆ ಅವನ ವಿಮಾನ ಗುಂಡು ಹಾರಿಸುವುದನ್ನು ನಿಲ್ಲಿಸಿತು. ಸುಮ್ಮನೆ ನೇರಕ್ಕೆ ಹೋಗುತ್ತಿತ್ತು. ಎದುರಿನಿಂದ ಬಂದದ್ದು ಬಡಿಯಿತು, ಆಟ ಮುಗಿಯಿತು.

"ಸ್ವಿಚ್ ಕೆಟ್ಟದ," ಎಂದ.

ತಟ್ಟೆಯನ್ನು ಮಗುಚಿ, ಕೆಂಪು ಗುಂಡಿಯ ಅಡಿಯ ಸ್ವಿಚ್ಚನ್ನು ಬಿಚ್ಚಿ ಉಗುರಿನಿಂದ ಒತ್ತಿದೆ. ಟಿಕ್ ಎಂದಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಟಿಕ್ ಎಂದಿತು. ಅವನ ಕಿವಿ ಚುರುಕಾಗಿಯೇ ಇತ್ತು, ಕೇಳಿಸಿರಲೇಬೇಕು. ನಾನು ಅವನ ಮುಖ ನೋಡದೆ ಪೊಟ್ಟಣದಿಂದ ಹೊಸ ಸ್ವಿಚ್ ತೆಗೆದು ಕೂರಿಸಿದೆ. ತಟ್ಟೆಯನ್ನು ಮಡಿಲ ಮೇಲಿಟ್ಟು, ಅವನ ಮುಷ್ಟಿಯನ್ನು ಎತ್ತಿ ಗುಂಡಿಯ ಮೇಲಿಟ್ಟೆ. ಅವನ ಕುತ್ತಿಗೆಯ ನರ ಉಬ್ಬಿತು. ಹೆಗಲು ನಡುಗಿತು. ಮುಷ್ಟಿ ಇಟ್ಟಲ್ಲೇ ಇತ್ತು.

"ಇದೂ ಕೆಟ್ಟದ," ಎಂದ.

ಅಡುಗೆಮನೆಯ ಬಾಗಿಲಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಹೌದೋ, ಇದೂ ಕೆಟ್ಟದ," ಎಂದೆ. "ಈ ಮಾಲೇ ಖೊಟ್ಟಿ. ನಾಳಿ ಬ್ಯಾರೆ ತರ್ತೀನಿ."

"ಛಲೋದು ನೋಡಿ ತಾ," ಎಂದ ತಮ್ಮ. "ಹಗುರ ಇರೋದು."