ಹಾಯಿಕಂಬದ ಬುಡದ ಡುಕಾಟ್

ಅಸ್ಮುಸ್‌ಗೆ ಒಂದು ಕೆಲಸ ಮಾಡಬೇಡ ಎಂದರೆ ಅದನ್ನು ಮಾತ್ರ ಬಿಟ್ಟು, ಅದರ ಪಕ್ಕದ್ದನ್ನು ಮಾಡಿ ಮುಗಿಸಿರುತ್ತಾನೆ. ಬಾಗಿಲಿಗೆ ಕೆಂಪು ಬಳಿಯಬೇಡ ಎಂದು ಹೇಳಿ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಕಿಟಕಿಗಳೆಲ್ಲ ಕೆಂಪಾಗಿದ್ದವು. ಇಂಥ ಗಂಡನನ್ನು ಕಟ್ಟಿಕೊಂಡು ನಾನು ಈ ಮಾರ್ಸ್ಟಾಲ್ ಬಂದರಿನಲ್ಲಿ ಮುದುಕಿಯಾದೆ.

‘ಟೆರ್ನೆ’ ಅವನ ಅಜ್ಜ ಕಟ್ಟಿಸಿದ ಹಾಯಿದೋಣಿ. ಅಜ್ಜ ಅದರಲ್ಲಿ ಧಾನ್ಯ ಸಾಗಿಸಿದ, ಅಪ್ಪ ಕಲ್ಲು ಸಾಗಿಸಿದ, ಇವನು ಬೇಸಿಗೆಯಲ್ಲಿ ಜರ್ಮನ್ ಪ್ರವಾಸಿಗರನ್ನು ಸಾಗಿಸಿದ. ಹಗ್ಗ, ಅಡುಗೆ, ವಾಂತಿ ಮಾಡಿಕೊಂಡವರ ಬಕೆಟ್ಟು ಎಲ್ಲ ನನ್ನ ಪಾಲು. ಚುಕ್ಕಾಣಿ ಮಾತ್ರ ಅವನದು. ನೀರಿನ ಮೇಲಿದ್ದರೆ ಹಾಡುತ್ತಾನೆ, ನೆಲದ ಮೇಲಿದ್ದರೆ ಕೆಮ್ಮುತ್ತಾನೆ.

ಕಳೆದ ಚಳಿಗಾಲ ದೋಣಿಯ ತಳದ ಹಲಗೆಗಳು ಕೊಳೆತಿವೆ, ಹೊಸದು ಹಾಕದೆ ನೀರಿಗಿಳಿಸಕೂಡದು ಎಂದು ದೋಣಿ ಕಟ್ಟುವವರು ಹೇಳಿದರು. ನಮ್ಮಲ್ಲಿ ಅಷ್ಟು ಹಣ ಎಲ್ಲಿತ್ತು? ಆದರೆ ಹಾಯಿಕಂಬ ಎತ್ತಿದಾಗ ಅದರ ಬುಡದಲ್ಲಿ, ಟಾರು ಮೆತ್ತಿದ ತೊಗಲಿನೊಳಗೆ, ಅಜ್ಜ ಇಟ್ಟ ನಾಣ್ಯ ಸಿಕ್ಕಿತು. ಕಂಬದ ಕೆಳಗೆ ತಾಮ್ರದ ನಾಣ್ಯವನ್ನು ಇಲ್ಲಿ ಎಲ್ಲರೂ ಇಡುತ್ತಾರೆ, ಅದರ ಮೇಲೆ ಒಡೆಯನ ಹೆಸರಿನ ಮೊದಲ ಅಕ್ಷರ ಗೀರುತ್ತಾರೆ. ಅಜ್ಜ ಇಟ್ಟಿದ್ದು ಚಿನ್ನದ ಡುಕಾಟ್! ಒಂದು ಬದಿ ರಾಜ, ಇನ್ನೊಂದು ಬದಿ ಹಡಗು.

ಫೋಟೋ ಕಳಿಸಿದ ಕೂಡಲೇ ಕೋಪನ್‌ಹೇಗನ್‌ನಿಂದ ನಾಣ್ಯದ ವ್ಯಾಪಾರಿ ಬ್ರೋರ್ಸನ್ ಫೋನ್ ಮಾಡಿದ.

“ಆ ವರ್ಷದ್ದು ಬೆರಳೆಣಿಕೆಯಷ್ಟೇ ಉಳಿದಿವೆ. ಅವೂ ಕೈಯಿಂದ ಕೈಗೆ ಹೋಗಿ ಸವೆದಿವೆ. ನಿಮ್ಮದ್ರಲ್ಲಿ ರಾಜನ ಕೂದಲೆಳೆ ಕೂಡ ಕಾಣ್ತಿದೆ! ದಯವಿಟ್ಟು ಒರೆಸ್ಬೇಡಿ, ಉಜ್ಬೇಡಿ, ತೊಳೀಬೇಡಿ.”

ಅವನು ಹೇಳಿದ ಬೆಲೆಗೆ ಹಲಗೆಗಳೂ ಬರುತ್ತಿದ್ದವು, ಹೊಸ ಹಾಯಿಯೂ ಬರುತ್ತಿತ್ತು. ನಾಣ್ಯವನ್ನು ಅಸ್ಮುಸ್‌ನ ಕೈಗೆ ಕೊಟ್ಟು ಜೋಪಾನ ಎಂದೆ.

ಮುಂದಿನ ವಾರ ಇಬ್ಬರೂ ಕೋಪನ್‌ಹೇಗನ್‌ಗೆ ಹೋದೆವು. ಅಂಗಡಿಯಲ್ಲಿ ಬ್ರೋರ್ಸನ್ ಭೂತಗನ್ನಡಿ ಹಿಡಿದವನು ಹಾಗೇ ಕುರ್ಚಿಗೆ ಕುಸಿದ.

“ರಾಜನ ಕೆನ್ನೆ ಮೇಲೆ ಇದ್ಯಾರು ಗೀರಿದ್ದು?”

“ನಾನೇ,” ಎಂದ ಅಸ್ಮುಸ್, ಬಹುಮಾನಕ್ಕೆ ಕಾದವನಂತೆ. “ಒರೆಸಿಲ್ಲ, ಉಜ್ಜಿಲ್ಲ, ತೊಳೆದಿಲ್ಲ. ಗೀರ್ಬೇಡ ಅಂತ ನೀವು ಹೇಳಿರ್ಲಿಲ್ಲ.”

“ಅಜ್ಜನ ಗುರುತು ಅಂಚಲ್ಲಿದೆ, ಹಳೇದು, ಅದನ್ನ ಕೊಳ್ಳೋರು ಸಹಿಸ್ತಾರೆ. ಇದು ಹಸಿ ಗಾಯ, ಸ್ವಾಮಿ. ಅಪರೂಪದ್ದು ಅಂತ ಚಿನ್ನದ ತೂಕಕ್ಕಿಂತ ಒಂದಿಷ್ಟು ಹೆಚ್ಚು ಕೊಡಬಹುದು, ಅಷ್ಟೇ.”

ಆ ಒಂದಿಷ್ಟು ನಮ್ಮ ನಾಲ್ಕು ಹಲಗೆಗೂ ಸಾಲುತ್ತಿರಲಿಲ್ಲ. ನಾಣ್ಯ ಕಸಿದುಕೊಂಡು ಹೊರಬಂದೆ. ಊರಿಗೆ ಹೋಗುವ ಫೆರಿಯಲ್ಲಿ ಜನ ತಿರುಗಿ ನೋಡುವಷ್ಟು ಬೈದೆ.

“ಮಾರೋ ನಾಣ್ಯಕ್ಕೆ ಗುರುತು ಯಾಕೆ ಮಾರಾಯಾ? ತಲೆಯಲ್ಲಿ ಏನಿದೆ ನಿಂಗೆ, ಉಪ್ಪುನೀರಾ?”

“ಮಾರಿದ್ರೂ ಅದು ದೋಣಿಯ ನಾಣ್ಯ. ದೋಣಿ ಯಾರದ್ದು ಅಂತ ಅದ್ರಲ್ಲಿ ಇರ್ಬೇಕು.”

“ನಿಂದೇ ಅಂತ ಊರಿಗೇ ಗೊತ್ತು!”

“ಊರಿಗೆ ತಪ್ಪು ಗೊತ್ತಿದೆ,” ಎಂದು ಅವನು ಸಮುದ್ರದ ಕಡೆ ತಿರುಗಿ ಕೂತ.

ಕನ್ನಡಕ ಹಾಕಿಕೊಂಡು ನೋಡಿದೆ. ರಾಜನ ಕೆನ್ನೆಯ ಮೇಲೆ ಇದ್ದದ್ದು ಅಸ್ಮುಸ್‌ನ ಅಕ್ಷರವಲ್ಲ. ಅದು ರಿಗ್ಮೋರ್ ಎಂಬ ನನ್ನ ಹೆಸರಿನದು. ಮೊಳೆಯಿಂದ ಸೊಟ್ಟಗೆ ಗೀರಿದ್ದ. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

“ಮೊದ್ಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ನೀನು ಬೇಡ ಅಂತಿದ್ದೆ.”

ನಾಣ್ಯವನ್ನು ನಾನು ಮಾರಲಿಲ್ಲ. ಕಂಬ ನಿಲ್ಲುವ ದಿನ ಅದು ಮತ್ತೆ ಬುಡಕ್ಕೇ ಹೋಗುತ್ತದೆ. ಟೆರ್ನೆ ಇನ್ನೂ ದಡದಲ್ಲೇ ಇದೆ. ಒಂದೊಂದೇ ಹಲಗೆ ಕೊಂಡು ನಾವೇ ಕೂರಿಸುತ್ತಿದ್ದೇವೆ, ಮುಗಿಯುವ ಹೊತ್ತಿಗೆ ನಾವು ಇರುತ್ತೇವೋ ಇಲ್ಲವೋ. ಅವನು ದೋಣಿಯ ಕೆಳಗೆ ಮಲಗಿ ಸುತ್ತಿಗೆ ಬಡಿಯುತ್ತಾನೆ, ನಾನು ಬೈಯುತ್ತಾ ಮೊಳೆ ಕೊಡುತ್ತೇನೆ. ಬೈದಾಗಲೆಲ್ಲ ಕೆಳಗಿನಿಂದ, “ಆಯ್ತು ಕ್ಯಾಪ್ಟನ್,” ಎನ್ನುತ್ತಾನೆ. ಈಗೀಗ ಅವನು ನೆಲದ ಮೇಲಿದ್ದರೂ ಕೆಮ್ಮುವುದಿಲ್ಲ.