ಮಾವ ನನ್ನನ್ನು ಒಲ್ಲೆ ಅಂದದ್ದು

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ, ಅಂದರೆ ಅವ್ವನ ತಾಯಿ, ಈ ಕೂಸು ನನ್ನ ಮಗನಿಗೇ ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳಂತೆ. ಆಗ ಮಾವನಿಗೆ ಹತ್ತು ವರ್ಷ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ರೂಢಿ, ಅದರಲ್ಲಿ ಕೇಳುವುದು ಹೇಳುವುದು ಏನೂ ಇರಲಿಲ್ಲ. ನಮ್ಮದು ಅಲಖನೂರು, ಮಾವನದು ಕೃಷ್ಣಾ ದಂಡೆಯ ಉಗಾರ ಬುದ್ರುಕ. ಎರಡೂ ಊರಲ್ಲಿ ನಾನು ಅವನವಳೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಹದಿನಾರು ತುಂಬುವ ಹೊತ್ತಿಗೆ ಅದು ಬರೀ ಗೊತ್ತಿರುವ ಮಾತಾಗಿ ಉಳಿದಿರಲಿಲ್ಲ.

ಎಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಮಾವ ಲಾರಿ ಓಡಿಸುತ್ತಿದ್ದ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಆಮೇಲೆ ಕಾಗವಾಡದ ತೋಟಗಳಿಂದ ಮುಂಬಯಿಗೆ ದ್ರಾಕ್ಷಿ. ಹೋದರೆ ಎಂಟು ದಿನ, ಕೆಲವೊಮ್ಮೆ ಹದಿನೈದು ದಿನ ಪತ್ತೆಯಿಲ್ಲ. ತಿರುಗಿ ಬಂದಾಗ ನಮ್ಮೂರ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅವ್ವ ಚಹಾಕ್ಕಿಡುತ್ತಿದ್ದಳು, ನಾನು ಒಳಗೆ ಹೋಗಿ ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಕೂತು ಅವನು ಅಪ್ಪನಿಗೆ ಮುಂಬಯಿಯ ಸುದ್ದಿ ಹೇಳುತ್ತಿದ್ದ. ಹೇಳುವುದು ಅಪ್ಪನಿಗಾದರೂ ದನಿ ಮಾತ್ರ ಅಡುಗೆಮನೆಗೆ ಕೇಳುವಷ್ಟು ಇರುತ್ತಿತ್ತು. ಸಮುದ್ರ ಹೇಗಿರುತ್ತದೆ ಎಂದು ಒಮ್ಮೆ ನಾನೇ ಬಾಗಿಲ ಹಿಂದಿನಿಂದ ಕೇಳಿದೆ. ಹೊಳೆ ತುಂಬಿ ಬಂದಾಗ ಆಚೆ ದಂಡೆ ಕಾಣುವುದಿಲ್ಲವಲ್ಲ, ಅಲ್ಲಿ ದಿನಾ ಹಾಗೇ ಇರುತ್ತದೆ ಎಂದ. ಮದುವೆಯಾದ ಮೇಲೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅಪ್ಪನ ಎದುರಿಗೇ ಹೇಳಿಬಿಟ್ಟ. ಅಪ್ಪ ಕೆಮ್ಮಿ ಹೊರಗೆ ಎದ್ದುಹೋದ.

ನನಗೆ ಹದಿನೆಂಟಾದ ವರ್ಷ ಅವ್ವನ ಗರ್ಭಚೀಲ ತೆಗೆಯಬೇಕೆಂದು ಮಿರಜಿನ ಡಾಕ್ಟರು ಹೇಳಿದರು. ಮೈಯಲ್ಲಿ ರಕ್ತ ಕಡಿಮೆ ಇತ್ತು, ಯಾರಾದರೂ ಕೊಡಬೇಕಿತ್ತು. ಅಪ್ಪನ ರಕ್ತ ಹೊಂದಲಿಲ್ಲ. ಮಾವ ಅಂಗಿಯ ತೋಳು ಮಡಚಿ, ನನ್ನದು ಎಷ್ಟು ಬೇಕಾದರೂ ತಗೊಳ್ಳಿ ಎಂದು ನಗುತ್ತ ಹೋದ. ಸಂಜೆ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಮರುದಿನ ಮತ್ತೆ ಕರೆದು ಇನ್ನೊಮ್ಮೆ ರಕ್ತ ತೆಗೆದರು. ಹೊರಗೆ ಬಂದವನು, ಹಿಂದೆ ಕಾಮಣಿ ಆಗಿ ಕಣ್ಣು ಹಳದಿಯಾಗಿತ್ತಲ್ಲ, ಅದಕ್ಕೇ ಬೇಡವಂತೆ ಎಂದ. ರಕ್ತ ಬೇರೆಯವರಿಂದ ಸಿಕ್ಕಿತು, ಅವ್ವ ಉಳಿದಳು. ಅವಳು ದವಾಖಾನೆಯಲ್ಲಿದ್ದ ಅಷ್ಟೂ ದಿನ ಮಾವ ಅವಳ ಕಾಲ್ದೆಸೆಯಲ್ಲಿ ಕೂತಿದ್ದ, ಲಾರಿಯ ಕಡೆ ಹೋಗಲೇ ಇಲ್ಲ.

ಅವ್ವ ಚೇತರಿಸಿಕೊಂಡ ಮೇಲೆ ಅಪ್ಪ ನಿಶ್ಚಯದ ದಿನ ನೋಡಲು ಆಯಿಯನ್ನೂ ಮಾವನನ್ನೂ ಕರೆಸಿದ. ನಾನು ಹೊಸ ಇಳಕಲ್ ಸೀರೆ ಉಟ್ಟಿದ್ದೆ. ಎಲ್ಲರೂ ಕೂತ ಮೇಲೆ ಮಾವ ನೆಲ ನೋಡುತ್ತ ಅಂದ: “ನನಗ ಹುಡುಗಿ ಮನಸ್ಸಿಗಿ ಬಂದಿಲ್ಲ. ಬ್ಯಾರೆ ಕಡೆ ನೋಡ್ರಿ.”

ಅಪ್ಪ ತಾನು ಕೇಳಿದ್ದು ಸರಿಯೇ ಎಂದು ತಿಳಿಯದೆ ಇನ್ನೊಮ್ಮೆ ಕೇಳಿದ. ಮಾವ ಅದೇ ಮಾತು ಅದೇ ದನಿಯಲ್ಲಿ ಹೇಳಿದ. ಆಯಿ ಮಗನ ಬೆನ್ನಿಗೆ ಗುದ್ದಿ ಅತ್ತಳು. ಇನ್ನು ಮೇಲೆ ಈ ಹೊಸ್ತಿಲು ತುಳಿಯಬೇಡ ಎಂದು ಅಪ್ಪ ಅಂದಾಗ ಮಾವ ಎದ್ದು ಚಪ್ಪಲಿ ಮೆಟ್ಟಿ ನಡೆದ. ನಾನು ನೋಡಿದ್ದು ಅವ್ವನನ್ನು. ಅವಳು ತಮ್ಮನನ್ನು ಬೈಯಲಿಲ್ಲ, ತಡೆಯಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಅವನ ಮಾತಿಗಿಂತ ಅವಳ ಮೌನ ನನಗೆ ಹೆಚ್ಚು ನೋವು ಕೊಟ್ಟಿತು.

ವರ್ಷದೊಳಗೆ ನನ್ನನ್ನು ಕಾಗವಾಡಕ್ಕೆ ಕೊಟ್ಟರು. ದ್ರಾಕ್ಷಿ ತೋಟದ ಮನೆ. ನನ್ನ ಯಜಮಾನರು ಹೆಚ್ಚು ಮಾತಿನವರಲ್ಲ, ಆದರೆ ನನ್ನ ಮಾತನ್ನು ಅರ್ಧಕ್ಕೆ ತಡೆದವರೂ ಅಲ್ಲ. ಎರಡು ಮಕ್ಕಳಾದವು. ಸುಖವಾಗಿಯೇ ಇದ್ದೆ. ಆದರೂ ಹಣ್ಣು ತುಂಬಲು ಲಾರಿ ಬಂದು ತೋಟದ ಮುಂದೆ ನಿಂತಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಸ್ಟೇರಿಂಗ್ ಹಿಂದೆ ಯಾರಿದ್ದಾರೆಂದು. ಸಿಕ್ಕರೆ ಏನು ಕೇಳಬೇಕು ಎಂಬುದನ್ನು ದ್ರಾಕ್ಷಿ ಗೊನೆ ಬಿಡಿಸುತ್ತ ಮನಸ್ಸಿನಲ್ಲೇ ಎಷ್ಟೋ ಸಲ ಕೇಳಿ ಮುಗಿಸಿದ್ದೆ. ನನ್ನಲ್ಲಿ ಏನು ಕಡಿಮೆಯಿತ್ತು? ಕನ್ನಡಿ ಮುಂದೆ ನಿಂತಾಗಲೂ ಅದೇ ಪ್ರಶ್ನೆ.

ಸಣ್ಣ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಅವ್ವ ಬಂದಿದ್ದಳು. ಉಗಾರದಲ್ಲಿ ಮಾವನಿಗೆ ಜಡ್ಡಾಗಿದೆ, ಅದು ಏಡ್ಸ್ ಎಂದು ಜನ ಮಾತಾಡುತ್ತಿದ್ದಾರೆ ಎಂದು ಅಷ್ಟರಲ್ಲಿ ಕಾಗವಾಡದವರೆಗೂ ಸುದ್ದಿ ಬಂದಿತ್ತು. ಖರೆಯೇ ಎಂದು ಕೇಳಿದೆ. ಅವ್ವ ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತಳು.

“ಮಿರಜ್ಯಾಗ ರಕ್ತ ತಗದಾಗನ ಗೊತ್ತಾಗಿತ್ತು. ನನ್ನೊಬ್ಬಾಕಿ ಮುಂದ ಹೇಳಿದ. ನಿನಗ ಹೇಳಬಾರದಂತ ಆಣಿ ಮಾಡಿಸಿಕೊಂಡ. ಹೇಳಿದ್ರ ಅಕಿ ಹುಚ್ಚಿ, ಇದ್ದರ ಇರಲಿ ಅಂತ ಬಂದ ಬಿಡತಾಳ, ಅಂದ.”

ಅವನು ತಿಳಿದದ್ದು ಸುಳ್ಳಾಗಿರಲಿಲ್ಲ. ಹದಿನೆಂಟರ ನಾನು ಹೋಗಿಯೇ ಹೋಗುತ್ತಿದ್ದೆ.

ರಾತ್ರಿಯ ಊಟಕ್ಕೆ ಮೊದಲೇ ಯಜಮಾನರಿಗೆ ಎಲ್ಲ ಹೇಳಿದೆ. ಅವರು, ನಾಳೆ ಬೆಳಗಿನ ಬಸ್ಸಿಗೆ ಹೋಗೋಣ ಎಂದರು.

ಉಗಾರದ ಆ ಮನೆಗೆ ಯಾರೂ ಕಾಲಿಡುವುದನ್ನು ಬಿಟ್ಟಿದ್ದರು. ಕ್ಷೌರದವನು ಬರುತ್ತಿರಲಿಲ್ಲ. ಹೊಳೆಗೆ ಬಟ್ಟೆ ಒಯ್ದರೆ ಉಳಿದ ಹೆಂಗಸರು ಎದ್ದು ಹೋಗುತ್ತಾರೆಂದು ಆಯಿ ನೀರು ಹೊತ್ತು ತಂದು ಮನೆಯಲ್ಲೇ ಒಗೆಯುತ್ತಿದ್ದಳು. ಮಾವ ಅಂಗಳದ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ನಮ್ಮನ್ನು ನೋಡಿ ಎದ್ದು ನಿಲ್ಲಲು ಹೋದ, ಆಗಲಿಲ್ಲ. ಯಜಮಾನರು ಅವನ ಪಕ್ಕದಲ್ಲೇ ಅದೇ ಹಾಸಿಗೆಯ ಮೇಲೆ ಕೂತು, ಆಯಿಗೆ ಚಹಾ ಮಾಡು ಅಂದರು. ಆಯಿ ಕಪ್ಪುಗಳನ್ನು ಎರಡೆರಡು ಸಲ ತೊಳೆದು ಚಹಾ ತಂದಳು. ಆ ಮನೆಯಲ್ಲಿ ಹೊರಗಿನವರು ಚಹಾ ಕುಡಿದು ಎಷ್ಟೋ ತಿಂಗಳಾಗಿದ್ದವು.

ಆಮೇಲೆ ಅವರು ಹೊಳೆ ನೋಡಿ ಬರುತ್ತೇನೆಂದು ಎದ್ದುಹೋದರು. ಬೇಕೆಂದೇ ಹೋದರು ಎಂದು ನನಗೆ ಗೊತ್ತು. ಅಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದೇ ಬಾಯಿಗೆ ಬಂತು.

“ಮನಸ್ಸಿಗಿ ಬಂದಿಲ್ಲ ಅಂದಿದ್ದಿಯಲ್ಲ, ಮಾವಾ.”

ಅವನು ನನ್ನ ತೊಡೆಯ ಮೇಲಿದ್ದ ಸಣ್ಣ ಮಗನ ಕಡೆ ನೋಡುತ್ತಿದ್ದ. “ಮನಸ್ಸಿಗಿ ಬಂದಾಳ ಅಂದಿದ್ರ ಏನ ಆಗ್ತಿತ್ತು, ನೋಡಾಕತ್ತೀಯಲ್ಲ,” ಎಂದ.

ಆಮೇಲಿನ ನಾಲ್ಕು ತಿಂಗಳು ನಾನು ವಾರಕ್ಕೊಮ್ಮೆ ಹೋದೆ. ತಲೆಗೆ ಎಣ್ಣೆ ಹಚ್ಚಿದೆ, ಉಗುರು ತೆಗೆದೆ, ಗಂಜಿ ಕುಡಿಸಿದೆ. ಹೆಂಡತಿಯಾಗಿದ್ದರೆ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಅಕ್ಕನ ಮಗಳಾಗಿ ಮಾಡಿದೆ. ಯಜಮಾನರು ಮಿರಜಿಗೆ ಹೋಗಿ ಡಾಕ್ಟರನ್ನು ಕಂಡು ಬಂದರು. ಪರದೇಶದಲ್ಲಿ ಇದಕ್ಕೆ ಗುಳಿಗೆ ಬಂದಿವೆಯಂತೆ, ಹಾಸಿಗೆ ಹಿಡಿದವರೂ ಎದ್ದು ಕೆಲಸಕ್ಕೆ ಹೋಗುತ್ತಾರಂತೆ. ಆದರೆ ನಮ್ಮಂಥವರ ತನಕ ಅವು ಬರಲು ಇನ್ನೂ ದಿನ ಬೇಕು, ಆಫ್ರಿಕಾದಲ್ಲೂ ನಮ್ಮ ಹಾಗೇ ಕಾಯುತ್ತಿದ್ದಾರೆ, ಅಲ್ಲಿ ಮನೆಮನೆಗಳೇ ಖಾಲಿಯಾಗುತ್ತಿವೆ ಎಂದು ಡಾಕ್ಟರು ಹೇಳಿದ್ದರು. ಆಫ್ರಿಕಾ ಎಲ್ಲಿದೆ ಎಂದು ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಯೂ ಯಾವಳೋ ಒಬ್ಬಳು ಹೀಗೆ ಗಂಜಿ ಆರಿಸುತ್ತ ಕೂತಿರುತ್ತಾಳೆ ಎಂದು ಮಾತ್ರ ಅನ್ನಿಸಿತು.

ಮೊದಲ ಮಳೆ ಬೀಳುವ ಮುಂಚೆ ಮಾವ ಹೋದ. ಹೆಗಲು ಕೊಡಲು ಓಣಿಯವರು ಬರಲಿಲ್ಲ. ಯಜಮಾನರು, ಅವನ ಜೊತೆ ಲಾರಿ ಓಡಿಸುತ್ತಿದ್ದ ಇಬ್ಬರು, ಅಷ್ಟೇ. ನಾಲ್ಕನೆಯವರಿಗಾಗಿ ಕಾಯುತ್ತಿದ್ದಾಗ ಅಪ್ಪ ಬಂದ. ಮಾವ ಒಲ್ಲೆ ಅಂದದ್ದರ ಕಾರಣವನ್ನು ಅವ್ವ ಆ ಬೆಳಗ್ಗೆಯಷ್ಟೇ ಅವನಿಗೆ ಹೇಳಿದ್ದಳು. ಅಪ್ಪ ಮುಂಡಾಸು ಬಿಚ್ಚಿ ಹೆಗಲ ಮೇಲೆ ಮಡಚಿ ಇಟ್ಟುಕೊಂಡು ಚಟ್ಟದ ಮುಂದಿನ ತುದಿಗೆ ನಿಂತ. ಹೆಂಗಸರ ನಡುವೆ ಕೂತ ನನಗೆ ಯಾವ ಸಂಬಂಧ ಹಿಡಿದು ಅಳಬೇಕೆಂದು ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಗುಳಿಗೆ ನಮ್ಮ ಕಡೆಯ ಸರಕಾರಿ ದವಾಖಾನೆಗೂ ಬಂದವು. ಒಮ್ಮೆ ಅತ್ತೆಯವರನ್ನು ತೋರಿಸಲು ಅಥಣಿಗೆ ಹೋದಾಗ ಆ ಗುಳಿಗೆ ಕೊಡುವ ಕೋಣೆಯಿಂದ ಒಬ್ಬ ಲಾರಿ ಡ್ರೈವರ್ ತಿಂಗಳ ಗುಳಿಗೆ ಚೀಲಕ್ಕೆ ಹಾಕಿಕೊಂಡು ನನ್ನ ಪಕ್ಕದ ಬೆಂಚಿಗೆ ಬಂದು ಕೂತ. ಎಷ್ಟು ವರ್ಷದಿಂದ ತಗೊಳ್ಳುತ್ತೀರಿ ಎಂದು ಕೇಳಿಬಿಟ್ಟೆ. ಮುಚ್ಚಿಡದೆ, ಆರು ವರ್ಷ ಆಯಿತು, ಈಗಲೂ ಗಾಡಿ ಓಡಿಸುತ್ತೇನೆ ಎಂದ. ಮಗಳ ಮದುವೆ ಗೊತ್ತಾಗಿದೆ ಎಂದೂ ಹೇಳಿದ. ನಾನು ಬಹಳ ಹೊತ್ತು ಅವನನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ.

“ಯಾಕ್ರಿ ಅಕ್ಕಾರ, ನನ್ನ ಗುರುತು ಐತೇನ್ರಿ?” ಎಂದ.

ಇಲ್ಲ ಎಂದೆ. ಅವನು ಚೀಲ ಹೆಗಲಿಗೇರಿಸಿ ಬಸ್‌ ಸ್ಟ್ಯಾಂಡಿನ ಕಡೆ ನಡೆದ. ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು. ಮಾವನ ತಲೆ ಬೆಳ್ಳಗಾಗಿದ್ದರೆ ಹೇಗೆ ಕಾಣುತ್ತಿದ್ದನೋ ಎಂದು, ಒಳಗಿನಿಂದ ಅತ್ತೆಯವರ ಹೆಸರು ಕರೆಯುವವರೆಗೂ ಅಲ್ಲೇ ಕೂತು ಯೋಚಿಸಿದೆ.