ಜಾಲಿಸದ ನವಣೆ

ತರಕಾರಿ ಹಾಕಿದ ನವಣೆ ನನ್ನ ಕೈಯಲ್ಲಿ ಇಪ್ಪತ್ತೇ ನಿಮಿಷದ ಕೆಲಸ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಜೊತೆಯ ಟೀಚರುಗಳಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ತೂಕದ ಚಿಂತೆ. ಸಿರಿಧಾನ್ಯ ಎಂದರೆ ಸಾಕು, ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಬಾಯಿ ಬಿಟ್ಟ ಮೇಲೆ ಮಾಡಿ ತೋರಿಸಬೇಕಲ್ಲ, ಒಂದು ಭಾನುವಾರ ನಾಲ್ವರನ್ನು ಚಿತ್ರದುರ್ಗದ ನಮ್ಮ ಮನೆಗೆ ಊಟಕ್ಕೆ ಕರೆದೆ. ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಪಕ್ಕಕ್ಕೆ ನನ್ನ ನವಣೆ.

ನವಣೆ ತಂದಿದ್ದವಳು ನನ್ನ ಅಕ್ಕ. ಹೊಸದುರ್ಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳೇ ಬೆಳೆದು, ಮಿಲ್ಲಿನಲ್ಲಿ ಹೊಟ್ಟು ತೆಗೆಸಿ, ಮೊರದಲ್ಲಿ ಕೇರಿ ತಂದದ್ದು. ಬೆಳಗಿನ ಬಸ್ಸಿಗೆ ಬಂದವಳು ಚಪ್ಪಲಿ ಬಿಟ್ಟ ಕೂಡಲೇ ಹಜಾರದಲ್ಲಿ ಕೂತು ಬೀನ್ಸಿನ ನಾರು ತೆಗೆಯತೊಡಗಿದ್ದಳು.

“ನವಣೆ ಜಾಲಿಸಿದೇನೇ?” ಎಂದು ಅಲ್ಲಿಂದಲೇ ಕೂಗಿದಳು. “ಕಣದಾಗಿಂದು ಅದು, ಕಲ್ಲು ಐತೆ. ಎರಡು ಸಲ ಜಾಲಿಸು.”

ಜಾಲಿಸುವುದೆಂದರೆ ಕಾಳನ್ನು ನೀರಿನಲ್ಲಿ ಆಡಿಸುತ್ತಾ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸ್ವಲ್ಪಸ್ವಲ್ಪವೇ ಬಗ್ಗಿಸಿ, ಕಲ್ಲನ್ನು ತಳದಲ್ಲೇ ಉಳಿಸುವುದು. ನನಗೆ ಅದನ್ನು ಚಿಕ್ಕಂದಿನಲ್ಲಿ ಕಲಿಸಿದವಳೂ ಅವಳೇ. ಆದರೆ ನನ್ನದು ಈಗ ಪ್ಯಾಕೆಟ್ ಅಕ್ಕಿಗೆ ಒಗ್ಗಿದ ಕೈ. ಹನ್ನೆರಡೂವರೆ ಆಗಿತ್ತು, ಅವರು ಬರುವ ಹೊತ್ತು. ನಲ್ಲಿಯ ಕೆಳಗೆ ಒಂದು ಸಲ ತೊಳೆದು, “ಹ್ಞೂ, ಆಯ್ತಕ್ಕ” ಎಂದೆ.

ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಕ್ಯಾರೆಟ್, ಬೀನ್ಸ್. ಒಂದು ಲೋಟ ನವಣೆಗೆ ಎರಡು ಲೋಟ ನೀರು, ಇಳಿಸಿದ ಮೇಲೆ ನಿಂಬೆಹಣ್ಣಿನ ರಸ. ಉದುರುದುರಾಗಿ ಚೆನ್ನಾಗಿಯೇ ಬಂದಿತ್ತು. ಟೀಚರುಗಳು ಮೊದಲ ತುತ್ತಿಗೇ ಹೊಗಳಿದರು. ಎರಡನೇ ತುತ್ತಿಗೆ, ನಮ್ಮಲ್ಲೆಲ್ಲ ಹಿರಿಯರಾದವರ ಬಾಯಲ್ಲಿ ಕಟಕ್ ಎಂದಿತು. ಅವರು ಕೆನ್ನೆ ಹಿಡಿದುಕೊಂಡರು. ಉಳಿದವರೂ ಅಗಿಯುವುದನ್ನು ನಿಲ್ಲಿಸಿದರು.

“ಹಳ್ಳಿ ನವಣೆ ನೋಡಿ ಮೇಡಂ,” ಎಂದು ನಾನು ನಕ್ಕುಬಿಟ್ಟೆ. “ಎಷ್ಟು ಹೇಳಿದ್ರೂ ಇವರು ಸರಿಯಾಗಿ ಹಸನು ಮಾಡೋದೇ ಇಲ್ಲ.”

ಇವರು! ಸ್ವಂತ ಅಕ್ಕನಿಗೆ ಹಾಗಂದೆ. ಅವಳು ಸಾರಿನ ಪಾತ್ರೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು.

“ಹೌದ್ರಿ, ನಂದೇ ತಪ್ಪು,” ಎಂದಳು. “ಕಣ್ಣು ಮೊದ್ಲಿನಂಗಿಲ್ಲ. ನೋಡ್ಕಂಡು ತಿನ್ರಿ.”

ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು ಅವಳು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಊಟವಾದ ಮೇಲೆ ನಾನು ಬೇಡವೆಂದರೂ ಕೇಳದೆ ಪಾತ್ರೆಗಳನ್ನೆಲ್ಲ ಅವಳೇ ತೊಳೆದಿಟ್ಟಳು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ, ದಾರಿಯುದ್ದಕ್ಕೂ ಬಿಸಿಲಿನ ಮಾತಾಡಿದೆ.

ಮುಂದಿನ ಸಲ ಬಂದಾಗ ಅವಳ ಚೀಲದಲ್ಲಿ ಅವರೆಕಾಯಿಯ ಕೆಳಗೆ ಒಂದು ಪ್ಯಾಕೆಟ್ ಇತ್ತು. ಅಂಗಡಿಯ ನವಣೆ. ಮನೆಯಲ್ಲಿ ಮೂಟೆಗಟ್ಟಲೆ ನವಣೆ ಇಟ್ಟುಕೊಂಡವಳು ನನಗಾಗಿ ಕೊಂಡು ತಂದಿದ್ದಳು.

“ಇದ್ರಾಗೆ ಕಲ್ಲಿರಲ್ಲಂತೆ ಕಣೇ, ಅಂಗಡಿಯೋರು ಹೇಳಿದ್ರು. ನಿನ್ ಟೀಚರುಗಳ್ನ ಇನ್ನೊಂದ್ಸಲ ಕರಿ.” ಕೊಂಕೇನೂ ಇರಲಿಲ್ಲ ಆ ಮಾತಿನಲ್ಲಿ.

“ಅಕ್ಕ, ಅವತ್ತು ನಾನು ಜಾಲಿಸಿರ್ಲಿಲ್ಲ,” ಎಂದೆ ಕೊನೆಗೂ.

“ಗೊತ್ತು ಬಿಡು,” ಎಂದಳು ಅವರೆಕಾಯಿ ಮೊರಕ್ಕೆ ಸುರಿಯುತ್ತಾ. “ಜಾಲಿಸಿದ್ರೆ ತೊಳೆಯಾಕೆ ನವಣೆ ನೀರಿನ ಪಾತ್ರೆ ಎರಡು ಇರ್ತಿದ್ವು. ಒಂದೇ ಇತ್ತು.”